ಹಾಲ್ಟಿಂಗ್ ಬಸ್ ಬಾರದ 15 ದಿನ: 2021ರ ಸಾರಿಗೆ ಮುಷ್ಕರ ಮತ್ತು ಒಂದು ತಾಲ್ಲೂಕು ಆಸ್ಪತ್ರೆ

ಹಾಸನ ಜಿಲ್ಲೆಯ ನಮ್ಮೂರಿಗೆ ರಾತ್ರಿ ಎಂಟೂವರೆಗೆ ಒಂದು ಕೆಂಪು ಬಸ್ ಬರುತ್ತದೆ. ಬೆಳಗಿನವರೆಗೆ ಅಲ್ಲೇ ನಿಲ್ಲುತ್ತದೆ. ಡ್ರೈವರ್, ಕಂಡಕ್ಟರ್ ಇಬ್ಬರೂ ಶಾಲೆಯ ಜಗಲಿಯಲ್ಲಿ ಮಲಗುತ್ತಾರೆ. ಬೆಳಿಗ್ಗೆ ಆರು ಹತ್ತಕ್ಕೆ ತಾಲ್ಲೂಕು ಕೇಂದ್ರಕ್ಕೆ ಹೊರಡುತ್ತದೆ. ಊರವರೆಲ್ಲ ಅದನ್ನು ಹಾಲ್ಟಿಂಗ್ ಬಸ್ ಅಂತಲೇ ಕರೆಯುವುದು.

2019ರಿಂದ ಅಪ್ಪನ ಜೀವ ಆ ಬಸ್ಸಿನ ಮೇಲೆ ನಿಂತಿತ್ತು. ಎರಡೂ ಕಿಡ್ನಿ ಕೈಕೊಟ್ಟಿದ್ದವು. ಸೋಮವಾರ ಮತ್ತು ಗುರುವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್. ಊರಿಂದ 36 ಕಿಲೋಮೀಟರ್. ಆರು ಹತ್ತಕ್ಕೆ ಹತ್ತಿದರೆ ಏಳೂವರೆಗೆ ಆಸ್ಪತ್ರೆಯ ಗೇಟು. ಎಂಟರಿಂದ ಹನ್ನೆರಡು ಯಂತ್ರದ ಪಕ್ಕ. ಒಂದು ಗಂಟೆಯ ಬಸ್ಸಿಗೆ ವಾಪಸ್. ಡಯಾಲಿಸಿಸ್ ಉಚಿತವಾಗಿತ್ತು. ನಮಗೆ ಬೀಳುತ್ತಿದ್ದ ಖರ್ಚು ಬಸ್ ಚಾರ್ಜು, ಒಂದು ತಿಂಡಿ, ಅಷ್ಟೇ.

2021ರ ಏಪ್ರಿಲ್ 7ರಿಂದ 21ರವರೆಗೆ ಸಾರಿಗೆ ನೌಕರರ ಮುಷ್ಕರ. ಆ ಬಸ್ ಓಡಲಿಲ್ಲ. ಆ 15 ದಿನಗಳಲ್ಲಿ ನಮ್ಮ ಮನೆಯಲ್ಲಿ, ನಾವು ಹೋಗುತ್ತಿದ್ದ ಆಸ್ಪತ್ರೆಯಲ್ಲಿ ಏನಾಯಿತು ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ಮುಷ್ಕರದ ಸುದ್ದಿಯಲ್ಲಿ ನಿಲ್ದಾಣದಲ್ಲಿ ಕಾಯುವ ಪ್ರಯಾಣಿಕರ ಫೋಟೋ ಬರುತ್ತದೆ. ಮನೆಯಿಂದಲೇ ಹೊರಡಲು ಆಗದೆ ಉಳಿದ ರೋಗಿಯ ಫೋಟೋ ಯಾರೂ ತೆಗೆಯುವುದಿಲ್ಲ. ಅವರು ಎಣಿಕೆಗೇ ಸಿಗುವುದಿಲ್ಲ.

ಮುಷ್ಕರಕ್ಕೆ ಕಾರಣ ಇತ್ತು

ಮೊದಲೇ ಹೇಳಿಬಿಡುತ್ತೇನೆ, ನೌಕರರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕಷ್ಟ ನಾವು ಹತ್ತಿರದಿಂದ ನೋಡಿದ್ದೇವೆ. ರಾತ್ರಿ ಶಾಲೆ ಜಗಲಿಯಲ್ಲಿ ಸೊಳ್ಳೆ ಕಡಿತದಲ್ಲಿ ಮಲಗಿ, ನಲ್ಲಿ ನೀರಲ್ಲಿ ಮುಖ ತೊಳೆದು, ಆರು ಗಂಟೆಗೆ ಸ್ಟಿಯರಿಂಗ್ ಹಿಡಿಯುವ ಕೆಲಸ ಅದು.

ರಾಜ್ಯದಲ್ಲಿ ಆಗ ನಾಲ್ಕು ಸಾರಿಗೆ ನಿಗಮಗಳು: ಕೆಎಸ್‌ಆರ್‌ಟಿಸಿ, ಬಿಎಂಟಿಸಿ, ವಾಯವ್ಯ ಮತ್ತು ಈಶಾನ್ಯ. ಎಲ್ಲ ಸೇರಿ ಸುಮಾರು 1.3 ಲಕ್ಷ ನೌಕರರು. 2020ರ ಡಿಸೆಂಬರ್‌ನಲ್ಲಿ ನಾಲ್ಕು ದಿನ ಬಸ್ ನಿಂತಿತ್ತು. ಸಾರಿಗೆ ನೌಕರರನ್ನೂ ಸರ್ಕಾರಿ ನೌಕರರೆಂದು ಪರಿಗಣಿಸಿ ಅನ್ನೋದು ಆಗಿನ ದೊಡ್ಡ ಬೇಡಿಕೆ. ಅದೊಂದನ್ನು ಬಿಟ್ಟು ಉಳಿದ 9 ಬೇಡಿಕೆಗಳಿಗೆ ಸರ್ಕಾರ ಒಪ್ಪಿದ ಮೇಲೆ ಬಸ್ ಹೊರಟವು. 6ನೇ ವೇತನ ಆಯೋಗದ ಪ್ರಕಾರ ಸಂಬಳ ಕೊಡುವ ವಿಷಯದಲ್ಲಿ ಮಾತು ಉಳಿಸಿಕೊಳ್ಳಲಿಲ್ಲ ಎಂದು ನೌಕರರ ಕೂಟ ಏಪ್ರಿಲ್ 7ರಿಂದ ಮತ್ತೆ ಮುಷ್ಕರಕ್ಕೆ ಇಳಿಯಿತು. ಕೂಟದ ಗೌರವಾಧ್ಯಕ್ಷರಾಗಿದ್ದವರು ರೈತ ಮುಖಂಡ ಕೋಡಿಹಳ್ಳಿ ಚಂದ್ರಶೇಖರ್. ಯಡಿಯೂರಪ್ಪ ಮುಖ್ಯಮಂತ್ರಿ, ಲಕ್ಷ್ಮಣ ಸವದಿ ಸಾರಿಗೆ ಸಚಿವರು. ಕೋವಿಡ್‌ನಿಂದ ನಿಗಮಗಳ ಆದಾಯ ಬಿದ್ದುಹೋಗಿದೆ, 8 ಪರ್ಸೆಂಟ್ ಮಧ್ಯಂತರ ಹೆಚ್ಚಳ ಕೊಡಬಹುದು, 6ನೇ ವೇತನ ಆಯೋಗ ಸಾಧ್ಯವಿಲ್ಲ ಎಂದು ಸರ್ಕಾರ ಹೇಳಿತು. ಎರಡೂ ಕಡೆ ಪಟ್ಟು ಸಡಿಲಲಿಲ್ಲ.

ಸಮಯವಂತೂ ತುಂಬಾ ಕೆಟ್ಟದ್ದು. ಕೊರೊನಾ ಎರಡನೇ ಅಲೆ ಏರುತ್ತಿತ್ತು. ಮುಷ್ಕರ ಶುರುವಾದ ದಿನ ರಾಜ್ಯದಲ್ಲಿ ಸುಮಾರು 7 ಸಾವಿರ ಹೊಸ ಪ್ರಕರಣ. ಮುಷ್ಕರ ಮುಗಿದ ದಿನ 23 ಸಾವಿರ ದಾಟಿತ್ತು.

ಅಪ್ಪನ ನಾಲ್ಕು ಸರದಿ

ಡಯಾಲಿಸಿಸ್ ತಪ್ಪಿದರೆ ಏನಾಗುತ್ತದೆ ಅನ್ನೋದನ್ನು ಸ್ವಲ್ಪ ವಿವರಿಸಬೇಕು. ಇದು ಗೊತ್ತಿಲ್ಲದೆ "ಒಂದು ದಿನ ಆಚೀಚೆ ಆದ್ರೆ ಏನಂತೆ" ಅಂತ ಹೇಳುವವರು ಜಾಸ್ತಿ.

ಅಪ್ಪನ ಥರದ ರೋಗಿಗೆ ಮೂತ್ರ ಹೆಚ್ಚುಕಮ್ಮಿ ಬರುವುದೇ ಇಲ್ಲ. ಕುಡಿದ ನೀರು, ಉಂಡ ಸಾರು ಮೈಯಲ್ಲೇ ಉಳಿಯುತ್ತದೆ. ಮೊದಲು ಕಾಲು ಊದುತ್ತದೆ, ಆಮೇಲೆ ಮುಖ. ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬಿ ಮಲಗಿದರೆ ಉಸಿರು ಕಟ್ಟುತ್ತದೆ. ಜೊತೆಗೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ. ಅದು ಜಾಸ್ತಿಯಾದರೆ ಹೃದಯ ಇದ್ದಕ್ಕಿದ್ದಂತೆ ನಿಂತುಹೋಗಬಹುದು. ವಾರಕ್ಕೆ ಮೂರು ಸಲ ಮಾಡಿಸಿದರೆ ಒಳ್ಳೆಯದು. ಸರ್ಕಾರಿ ಆಸ್ಪತ್ರೆಯ ನೂಕುನುಗ್ಗಲಲ್ಲಿ ನಮಗೆ ಸಿಕ್ಕಿದ್ದು ಎರಡು. ಹಾಗಾಗಿ ಒಂದು ತಪ್ಪಿದರೂ ತಡೆದುಕೊಳ್ಳುವ ಶಕ್ತಿ ಮೈಯಲ್ಲಿ ಇರುವುದಿಲ್ಲ.

ಏಪ್ರಿಲ್ 5, ಸೋಮವಾರ ಅಪ್ಪನಿಗೆ ಡಯಾಲಿಸಿಸ್ ಆಗಿತ್ತು. ಬುಧವಾರ ಬಸ್ ನಿಂತಿತು. ಮಂಗಳವಾರ ರಾತ್ರಿಯೇ ಹಾಲ್ಟಿಂಗ್ ಬಸ್ ಬಂದಿರಲಿಲ್ಲ. ಗುರುವಾರ ಬೆಳಿಗ್ಗೆ ಅಪ್ಪ ಎಂದಿನಂತೆ ಐದಕ್ಕೇ ಎದ್ದು, ಶರ್ಟು ಹಾಕಿಕೊಂಡು, ಫೈಲಿನ ಚೀಲ ಹಿಡಿದು ಜಗಲಿ ಮೇಲೆ ಕುಳಿತರು. "ಇವತ್ತು ಒಂದಾದ್ರೂ ಬಿಡ್ತಾರೆ ಕಣೋ" ಅಂದರು. ಏಳಾಯಿತು, ಎಂಟಾಯಿತು. ಊರಲ್ಲಿ ಬಾಡಿಗೆಗೆ ಸಿಗುತ್ತಿದ್ದ ಕಾರು ಒಂದೇ. ಅದು ಬೆಳಗಿನ ಜಾವವೇ ಬೆಂಗಳೂರಿಗೆ ಹೋಗಿತ್ತು. ಸೋಮವಾರದ ಹೊತ್ತಿಗೆ ಸರಿಹೋಗುತ್ತದೆ ಅಂದುಕೊಂಡೆವು. ಡಿಸೆಂಬರ್‌ನಲ್ಲಿ ನಾಲ್ಕೇ ದಿನಕ್ಕೆ ಮುಗಿದಿತ್ತಲ್ಲ, ಆ ಲೆಕ್ಕ.

ಬೈಕಿನಲ್ಲಿ ಕರೆದುಕೊಂಡು ಹೋಗಬಹುದಿತ್ತಲ್ಲಾ ಅಂತ ಆಮೇಲೆ ಹಲವರು ಕೇಳಿದರು. ಹೋಗುವಾಗ ಹೇಗೋ ಹೋಗಬಹುದು. ಬರುವಾಗ ಆಗುವುದಿಲ್ಲ. ಡಯಾಲಿಸಿಸ್ ಮುಗಿದ ಮೇಲೆ ಬಿ.ಪಿ. ಇಳಿದು ತಲೆ ತಿರುಗುತ್ತದೆ, ಕಾಲು ಸೆಳೆಯುತ್ತದೆ. ಸೂಜಿ ಚುಚ್ಚಿದ ಕೈಯಲ್ಲಿ ಬಲವಾಗಿ ಏನನ್ನೂ ಹಿಡಿಯುವಂತಿಲ್ಲ. ಬಸ್ಸಿನಲ್ಲೇ ಎಷ್ಟೋ ಸಲ ಅಪ್ಪ ನನ್ನ ತೊಡೆ ಮೇಲೆ ತಲೆ ಇಟ್ಟು ಮಲಗಿದ್ದಿದೆ. ಕಂಡಕ್ಟರ್ ಮೂರು ಜನರ ಸೀಟು ಪೂರ್ತಿ ಬಿಟ್ಟುಕೊಡುತ್ತಿದ್ದರು.

ಏಪ್ರಿಲ್ ಬಿಸಿಲು ಬೇರೆ. ನೋಡಲು ಬಂದ ನೆಂಟರು ಎಳನೀರು ತಂದರು. ದಣಿದವರಿಗೆ, ಕಾಯಿಲೆಯವರಿಗೆ ನಮ್ಮ ಕಡೆ ಮೊದಲು ಕೊಡುವುದೇ ಅದು. ಅಪ್ಪನ ಪಾಲಿಗೆ ಅದು ವಿಷ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಅಮ್ಮ ಎರಡು ದಿನ ಬಾಗಿಲಲ್ಲೇ ನಿಂತು ತಂದವರಿಗೆಲ್ಲ ಬೇಡ ಬೇಡ ಅಂತ ವಾಪಸ್ ಕೊಟ್ಟಳು. ದಿನಕ್ಕೆ ಅರ್ಧ ಲೀಟರ್ ನೀರನ್ನು ಅಳೆದು ಕೊಟ್ಟಳು.

ಭಾನುವಾರ, 11ನೇ ತಾರೀಕು ರಾತ್ರಿ ಅಪ್ಪ ಮಲಗಲು ಆಗದೆ ಗೋಡೆಗೆ ಒರಗಿ ಕುಳಿತರು. ಎದೆಯಿಂದ ಗೊರಗೊರ ಸದ್ದು. 108ಕ್ಕೆ ಫೋನ್ ಮಾಡಿದೆ. 50 ನಿಮಿಷಕ್ಕೆ ಆಂಬುಲೆನ್ಸ್ ಬಂತು. ಅದರಲ್ಲಿದ್ದ ಸಿಬ್ಬಂದಿ ತಡಮಾಡದೆ ಆಕ್ಸಿಜನ್ ಹಾಕಿದರು. ನೇರ ಜಿಲ್ಲಾ ಕೇಂದ್ರ. ತುರ್ತು ಡಯಾಲಿಸಿಸ್ ಮಾಡಿದರು. ತೂಕ ನೋಡಿದರೆ ಮಾಮೂಲಿಗಿಂತ ಐದೂವರೆ ಕೆ.ಜಿ. ಜಾಸ್ತಿ. ಅಷ್ಟೂ ನೀರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಗುರುವಾರ 36 ಕಿಲೋಮೀಟರ್ ಬಸ್ ಇದ್ದಿದ್ದರೆ ಒಂದು ಮಾಮೂಲಿ ಡಯಾಲಿಸಿಸ್‌ನಲ್ಲಿ ಮುಗಿಯುತ್ತಿತ್ತು. ಅದಿಲ್ಲದ್ದಕ್ಕೆ ಒಂದು ಆಂಬುಲೆನ್ಸ್, ಒಂದು ಆಕ್ಸಿಜನ್ ಸಿಲಿಂಡರ್, ಜಿಲ್ಲಾ ಕೇಂದ್ರದಲ್ಲಿ ಒಂದು ತುರ್ತು ಹಾಸಿಗೆ ಬೇಕಾಯಿತು. ಕೋವಿಡ್ ಏರುತ್ತಿದ್ದ ಆ ದಿನಗಳಲ್ಲಿ ಮೂರಕ್ಕೂ ಎಷ್ಟು ಕಷ್ಟ ಇತ್ತು ಅನ್ನೋದು ಎಲ್ಲರಿಗೂ ನೆನಪಿದೆ, ಅಲ್ವಾ? ಬಸ್ ನಿಂತರೆ ರೋಗಿಗಳು ಕಡಿಮೆ ಆಗುವುದಿಲ್ಲ. ತಡವಾಗಿ, ಕಾಯಿಲೆ ಉಲ್ಬಣಿಸಿ, ಹೆಚ್ಚು ಖರ್ಚಿನ ಬಾಗಿಲಿಗೆ ಬರುತ್ತಾರೆ.

108 ಕರೆದುಕೊಂಡು ಹೋಗುತ್ತದೆ, ಮನೆಗೆ ಬಿಡುವುದಿಲ್ಲ. ಸೋಮವಾರ ಸಂಜೆ ವಾಪಸ್ ಬರಲು ಕಾರಿಗೆ 2,200 ರೂಪಾಯಿ ಕೊಟ್ಟೆವು. ಆ ವರ್ಷ ನರೇಗಾ ಕೂಲಿ ದಿನಕ್ಕೆ 289 ರೂಪಾಯಿ. ಏಳೆಂಟು ದಿನದ ಕೂಲಿ ಒಂದು ಪ್ರಯಾಣಕ್ಕೆ ಹೋಯಿತು. ಮಾರನೇ ದಿನ ಯುಗಾದಿ.

15ರ ಗುರುವಾರ ದಾರಿ ತೋರಿಸಿದ್ದು ಊರಿನ ಹಾಲಿನ ಡೈರಿ. ಬೆಳಿಗ್ಗೆ ಏಳೂಕಾಲಿಗೆ ಕ್ಯಾನ್ ತುಂಬಿಕೊಳ್ಳಲು ಟೆಂಪೋ ಬರುತ್ತದೆ. ಡ್ರೈವರ್ ಪಕ್ಕದ ಸೀಟಿನಲ್ಲಿ ಅಪ್ಪ, ಹಿಂದೆ ಕ್ಯಾನುಗಳ ನಡುವೆ ನಾನು. ನಾಲ್ಕು ಊರಿನ ಹಾಲು ಹೇರಿಕೊಂಡು ಆಸ್ಪತ್ರೆ ತಲುಪಿದಾಗ ಒಂಬತ್ತೂವರೆ. ಸರದಿ ತಪ್ಪಿತ್ತು. ಟೆಕ್ನಿಷಿಯನ್ ನಮ್ಮನ್ನು ಮಧ್ಯಾಹ್ನದ ಪಾಳಿಗೆ ಹಾಕಿಕೊಂಡರು. ವಾಪಸ್ ಬರಲು ಮತ್ತೆ ಕಾರು. 19ರ ಸೋಮವಾರವೂ ಹಾಗೇ. ನಾಲ್ಕು ಸರದಿಯಲ್ಲಿ ಒಂದು ಪೂರ್ತಿ ತಪ್ಪಿತು, ಒಂದು ತುರ್ತಾಗಿ ಬೇರೆ ಕಡೆ ಆಯಿತು, ಎರಡು ಹಾಲಿನ ಟೆಂಪೋ ಪುಣ್ಯದಲ್ಲಿ ಆದವು.

ಡಯಾಲಿಸಿಸ್ ಘಟಕದ ಒಳಗೆ

ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಆಗ ಮೂರು ಯಂತ್ರ, ದಿನಕ್ಕೆ ಎರಡು ಪಾಳಿ, ವಾರಕ್ಕೆ ಆರು ದಿನ. ಅಂದರೆ ವಾರಕ್ಕೆ 36 ಸರದಿ. ತಲಾ ಎರಡರಂತೆ 18 ರೋಗಿಗಳು. ಈ 18 ಅನ್ನೋ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮುಷ್ಕರದ ಮೊದಲ ದಿನಗಳಲ್ಲಿ ಒಂದೊಂದು ಪಾಳಿಯಲ್ಲಿ ಎರಡು ಯಂತ್ರ ಖಾಲಿ ನಿಂತಿದ್ದವು ಎಂದು ಟೆಕ್ನಿಷಿಯನ್ ಹೇಳಿದರು. ಎರಡನೇ ವಾರ ತದ್ವಿರುದ್ಧ. ತಪ್ಪಿಸಿಕೊಂಡವರೆಲ್ಲ ಏದುಸಿರು ಬಿಡುತ್ತಾ ಒಟ್ಟಿಗೆ ಬಂದರು. ಯಂತ್ರದ ಖಾಲಿ ಹೊತ್ತನ್ನು ಕೂಡಿಟ್ಟುಕೊಂಡು ಆಮೇಲೆ ಬಳಸಲು ಬರುವುದಿಲ್ಲವಲ್ಲ. ಇಬ್ಬರು ಹೊರಗೆ ಕಾಯುತ್ತಿದ್ದಾರೆ ಅಂತ ಕೆಲವರ ನಾಲ್ಕು ಗಂಟೆಯನ್ನು ಮೂರಕ್ಕೆ ಇಳಿಸಬೇಕಾಯಿತು.

ಆ ಟೆಕ್ನಿಷಿಯನ್ ದಿನಾ ಹಾಸನದಿಂದ ಬಸ್ಸಿನಲ್ಲಿ ಬರುವವರು. 15 ದಿನದಲ್ಲಿ ಹೆಚ್ಚು ರಾತ್ರಿ ಆಸ್ಪತ್ರೆಯಲ್ಲೇ ಮಲಗಿದರು. ಮನೆಯಲ್ಲಿ ಎರಡು ವರ್ಷದ ಮಗು. ಇಬ್ಬರು ನರ್ಸ್‌ಗಳು ಒಂದು ಸ್ಕೂಟರ್‌ನಲ್ಲಿ 20 ಕಿಲೋಮೀಟರ್ ಬರುತ್ತಿದ್ದರು. ಸ್ವೀಪರ್ ಅಕ್ಕನಿಗೆ ಸ್ಕೂಟರ್ ಇಲ್ಲ. ಅವರು ಐದು ದಿನ ಬರಲೇ ಆಗಲಿಲ್ಲ, ಗುತ್ತಿಗೆ ಕೆಲಸವಾದ್ದರಿಂದ ಐದು ದಿನದ ಸಂಬಳ ಹೋಯಿತು. ವೈದ್ಯರಿಗೆ ಕಾರಿದೆ. ಆದರೆ ಆಸ್ಪತ್ರೆ ವೈದ್ಯರೊಬ್ಬರಿಂದಲೇ ನಡೆಯುತ್ತದೆಯೇ? ನೆಲ ಒರೆಸುವವರು, ಲ್ಯಾಬ್‌ನವರು, ಚೀಟಿ ಬರೆಯುವವರು, ಅಡುಗೆಯವರು ಎಲ್ಲ ಬೆಳಗಿನ ಬಸ್ಸಿನಲ್ಲೇ ಬರುವುದು.

ನಮ್ಮ ಪಾಳಿಯಲ್ಲಿ ಇನ್ನೊಬ್ಬರಿದ್ದರು, ಬೇರೆ ಹೋಬಳಿಯ ವಿಧವೆ, 50ರ ಆಸುಪಾಸು. ಅವರ ಊರಿಗೆ ಡೈರಿ ಟೆಂಪೋ ಕೂಡ ಬರುವುದಿಲ್ಲ. ಮಗ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸದಲ್ಲಿ, ಅವನಿಗೂ ಬರಲು ಬಸ್ಸಿಲ್ಲ. ಆಯಮ್ಮ ಸಾಲಾಗಿ ಮೂರು ಸರದಿ ತಪ್ಪಿಸಿಕೊಂಡರು. ಆಮೇಲೆ ಕಂಡಾಗ ಮುಖ ಊದಿ ಕಣ್ಣು ಮುಚ್ಚಿಹೋಗಿತ್ತು. "ಯಾರನ್ನ ಕೇಳಾದಪ್ಪ, ಎಲ್ಲರಿಗೂ ಅವರವರದೇ ಆಗಿತ್ತು" ಅಂದರು. ಆ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ.

ಎಣಿಕೆಗೆ ಸಿಗದ ಉಳಿದವರು

ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವಿಶೇಷ ತಪಾಸಣೆ ಇರುತ್ತದೆ, ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಅಡಿಯಲ್ಲಿ. ಬಿ.ಪಿ. ಏರಿದವರು, ರಕ್ತ ಕಡಿಮೆ ಇರುವವರು, ಮೊದಲ ಹೆರಿಗೆ ಸಿಸೇರಿಯನ್ ಆದವರು ಯಾರು ಅನ್ನೋದು ಅಲ್ಲೇ ಪತ್ತೆಯಾಗುವುದು. 2021ರ ಏಪ್ರಿಲ್ 9, ಶುಕ್ರವಾರ, ಮುಷ್ಕರದ ಮೂರನೇ ದಿನ. ಹೆರಿಗೆ ನೋವು ಬಂದರೆ 108 ಬರುತ್ತದೆ. ಹೆತ್ತ ಮೇಲೆ ತಾಯಿ ಮಗುವನ್ನು ಮನೆಗೆ ಬಿಡಲು ನಗು-ಮಗು ವಾಹನ ಇದೆ. ಏಳು ತಿಂಗಳ ಬಸುರಿ ಬಿ.ಪಿ. ನೋಡಿಸಿಕೊಳ್ಳಲು ಹೋಗಬೇಕಾದರೆ ಇದ್ದದ್ದು ಕೆಂಪು ಬಸ್ ಮಾತ್ರ.

ಲಸಿಕೆಯದು ಇನ್ನೊಂದು ಕಥೆ. ಮಾರ್ಚ್ 1ರಿಂದ 60 ದಾಟಿದವರಿಗೆ, ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ ಲಸಿಕೆ ಶುರುವಾಗಿತ್ತು. ಕೋವಿಶೀಲ್ಡ್ ಎರಡನೇ ಡೋಸ್ ಆಗ 4ರಿಂದ 8 ವಾರದೊಳಗೆ. ಮಾರ್ಚ್‌ನಲ್ಲಿ ಮೊದಲ ಡೋಸ್ ತಗೊಂಡ ಎಷ್ಟೋ ಹಿರಿಯರ ಸರದಿ ಸರಿಯಾಗಿ ಏಪ್ರಿಲ್‌ನಲ್ಲೇ ಬಂತು. ಏಪ್ರಿಲ್ 11ರಿಂದ 14ರವರೆಗೆ ದೇಶದ ತುಂಬಾ ಲಸಿಕಾ ಉತ್ಸವ ಅಂತ ಬೇರೆ ಘೋಷಣೆಯಾಗಿತ್ತು. ನಮ್ಮ ಭಾಗದಲ್ಲಿ ಆ ನಾಲ್ಕೂ ದಿನ ಬಸ್ಸಿಲ್ಲ. ಒಂದು ವಯಲ್‌ನಲ್ಲಿ, ಅಂದರೆ ಲಸಿಕೆಯ ಸೀಸೆಯಲ್ಲಿ, 10 ಡೋಸ್ ಇರುತ್ತಿತ್ತು, ತೆರೆದ ಮೇಲೆ 4 ಗಂಟೆಯೊಳಗೆ ಮುಗಿಸಬೇಕಿತ್ತು. ಆರೇ ಜನ ಬಂದರೆ ವಯಲ್ ತೆರೆಯಲು ಕೈ ಬರುತ್ತಿರಲಿಲ್ಲ. ನಮ್ಮ ಆಶಾ ಅಕ್ಕ ಫೋನ್ ಹಿಡಿದುಕೊಂಡು "ಇನ್ನು ನಾಲ್ಕು ಜನ ಸೇರ್ಸಿ" ಅಂತ ಬೀದಿ ಬೀದಿ ಸುತ್ತಿದರು. ಪ್ರಾಥಮಿಕ ಆರೋಗ್ಯ ಕೇಂದ್ರ ಆರು ಕಿಲೋಮೀಟರ್ ದೂರ. 65ರ ಅಜ್ಜಿಯನ್ನು ಬಿಸಿಲಲ್ಲಿ ಆರು ಕಿಲೋಮೀಟರ್ ನಡೆಸಲು ಆಗುತ್ತದೆಯೇ?

ಇನ್ನೂ ಒಂದು ಗುಂಪಿದೆ. ಅವರ ಬಗ್ಗೆ ಯಾರೂ ಮಾತಾಡುವುದೇ ಇಲ್ಲ. ಎಚ್‌ಐವಿ ಔಷಧಿಗೆ ಎಆರ್‌ಟಿ ಕೇಂದ್ರಕ್ಕೆ ಹೋಗುವವರು, ಕ್ಷಯದ ಮಾತ್ರೆ ನುಂಗುವವರು, ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುವವರು. ಅಪ್ಪನ ಕಾಯಿಲೆ ಊರಿಗೆಲ್ಲ ಗೊತ್ತು. ಹಾಗಾಗಿ ಡೈರಿ ಟೆಂಪೋದವರ ಹತ್ತಿರ ನಾವು ಕೇಳಿದೆವು, ಅವರು ಹತ್ತಿಸಿಕೊಂಡರು. ಕಾಯಿಲೆಯನ್ನು ಪಕ್ಕದ ಮನೆಯವರಿಗೂ ಹೇಳದೆ ಇಟ್ಟುಕೊಂಡವರು ಯಾರ ಗಾಡಿ ಕೇಳುತ್ತಾರೆ? "ಎಲ್ಲಿಗೆ? ಯಾಕೆ? ಯಾವ ಡಾಕ್ಟರು?" ಅಂತ ಪ್ರಶ್ನೆ ಬರುತ್ತದೆ. ಬಸ್ಸಿನಲ್ಲಿ ಯಾರೂ ಕೇಳುವುದಿಲ್ಲ. ಟಿಕೆಟ್ ತಗೊಂಡರೆ ಮುಗಿಯಿತು. ಸಂತೆಗೆ ಹೋಗುವವರ ನಡುವೆ ಒಬ್ಬರಾಗಿ ಹೋಗಿ ಬರುತ್ತಾರೆ. ಸರ್ಕಾರಿ ಬಸ್ ಕಡಿಮೆ ದುಡ್ಡಿಗೆ ಕರೆದುಕೊಂಡು ಹೋಗುವುದರ ಜೊತೆಗೆ ಅವರ ಮರ್ಯಾದೆಯನ್ನೂ ಕಾಯುತ್ತದೆ. ಎಚ್‌ಐವಿ ಮಾತ್ರೆ ನಡುವೆ ತಪ್ಪಿದರೆ ವೈರಸ್ ಆ ಔಷಧಿಗೆ ಬಗ್ಗದಂತೆ ಆಗುವ ಅಪಾಯವಿದೆ, ಕ್ಷಯದ್ದೂ ಅದೇ ಕಥೆ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ರೇಡಿಯೇಷನ್‌ಗೆ ವಾರಕ್ಕೆ ಐದು ದಿನ, ವಾರಗಟ್ಟಲೆ ಹೋಗಬೇಕಾದವರ ಪಾಡೂ ಇದೇ. ನಗರದಲ್ಲಿ ಮೆಟ್ರೋ ಇತ್ತು, ಆಟೋ ಇತ್ತು. ಆದರೆ ಬಿಎಂಟಿಸಿ ಬಸ್ಸನ್ನೇ ನಂಬಿದವರಿಗೆ ದಿನಾ ಆಟೋಗೆ ಕೊಡಲು ದುಡ್ಡೆಲ್ಲಿಂದ ಬರಬೇಕು?

ಖಾಸಗಿ ಬಸ್ ಎಲ್ಲಿಗೆ ಬಂತು, ಎಲ್ಲಿಗೆ ಬರಲಿಲ್ಲ

ಸರ್ಕಾರ ಕೈಕಟ್ಟಿ ಕುಳಿತಿರಲಿಲ್ಲ. ಖಾಸಗಿ ಬಸ್, ಮ್ಯಾಕ್ಸಿಕ್ಯಾಬ್‌ಗಳಿಗೆ ಸರ್ಕಾರಿ ನಿಲ್ದಾಣದಿಂದಲೇ ಜನರನ್ನು ಹತ್ತಿಸಿಕೊಳ್ಳಲು ಬಿಟ್ಟಿತು. ರೈಲು ಹೆಚ್ಚಿಸಲು ಕೇಳಿತು. ಮೆಜೆಸ್ಟಿಕ್‌ನಲ್ಲಿ ಖಾಸಗಿ ಗಾಡಿಗಳು ಸಾಲಾಗಿ ನಿಂತಿದ್ದನ್ನು ಟಿ.ವಿ.ಯಲ್ಲಿ ನೋಡಿದೆವು. ಆದರೆ ಖಾಸಗಿಯವರು ಜನ ಸಿಗುವ ದಾರಿಯಲ್ಲಿ ಓಡಿಸುತ್ತಾರೆ. ಬೆಂಗಳೂರಿಂದ ಹಾಸನಕ್ಕೆ ಬಂತು. ಹಾಸನದಿಂದ ತಾಲ್ಲೂಕು ಕೇಂದ್ರಕ್ಕೆ ಒಂದೆರಡು ಬಂತು. ತಾಲ್ಲೂಕಿನಿಂದ ನಮ್ಮೂರಿಗೆ ಬರಲಿಲ್ಲ. ಹನ್ನೊಂದು ಜನ ಹತ್ತುವ ಊರಿಗೆ ನಷ್ಟ ಮಾಡಿಕೊಂಡು ಯಾರು ಬರುತ್ತಾರೆ?

ಮಂಗಳೂರು, ಉಡುಪಿ ಕಡೆ ಮುಷ್ಕರದ ಬಿಸಿ ಅಷ್ಟು ತಟ್ಟಲಿಲ್ಲ. ಅಲ್ಲಿ ಮೊದಲಿಂದಲೂ ಖಾಸಗಿ ಬಸ್‌ಗಳದೇ ಓಡಾಟ. ಅದನ್ನು ನೋಡಿ "ಎಲ್ಲಾ ಕಡೆ ಖಾಸಗಿಗೆ ಕೊಟ್ಟುಬಿಡಿ" ಅಂತ ಆಗ ಹಲವರು ಹೇಳಿದರು. ನನಗೆ ಒಪ್ಪಿಗೆ ಇಲ್ಲ. ಕರಾವಳಿಯಲ್ಲಿ ಊರು ಊರು ಒತ್ತೊತ್ತಾಗಿವೆ, ಬಸ್ ತುಂಬುತ್ತದೆ. ಯಾದಗಿರಿಯ ಅಥವಾ ಚಾಮರಾಜನಗರದ ಒಳನಾಡಿನ ಹಳ್ಳಿಗೆ ಆ ಲೆಕ್ಕ ಹೊಂದುವುದಿಲ್ಲ. ಆದರೆ ಒಂದು ಪಾಠವನ್ನು ತಗೊಳ್ಳಬಹುದು. ಒಂದೇ ಸೇವೆಯನ್ನು ನಂಬಿದ ಜಿಲ್ಲೆಗಳಲ್ಲಿ ಆ ಸೇವೆ ನಿಂತ ದಿನಕ್ಕೆ ಆಸ್ಪತ್ರೆಯ ಹತ್ತಿರ ಸ್ವಂತ ಏರ್ಪಾಡು ಬೇಕು.

ಮುಷ್ಕರ ಎಳೆದಷ್ಟೂ ಬಿಗಡಾಯಿಸಿತು. ಮುಷ್ಕರ ಮಾಡಿದವರ ಮಾರ್ಚ್ ಸಂಬಳ ತಡೆಹಿಡಿದರು. ತರಬೇತಿಯಲ್ಲಿದ್ದವರನ್ನು ವಜಾ ಮಾಡಿದರು, ವರ್ಗಾವಣೆ ಮಾಡಿದರು. ಕೆಲವು ಕಡೆ ಓಡಿದ ಬಸ್‌ಗಳ ಮೇಲೆ ಕಲ್ಲು ಬಿತ್ತು. ಏಪ್ರಿಲ್ 16ರಂದು ಜಮಖಂಡಿ ಹತ್ತಿರ ಕೆಲಸಕ್ಕೆ ಹಾಜರಾಗಿದ್ದ ಚಾಲಕರೊಬ್ಬರು ಕಲ್ಲೇಟಿಗೆ ಪ್ರಾಣ ಬಿಟ್ಟರು. ಆ ಸುದ್ದಿ ಕೇಳಿದ ದಿನ ಅಪ್ಪ ಊಟ ಮಾಡಲಿಲ್ಲ. ಬಸ್ ಓಡಿಸುವವರೆಂದರೆ ಅವರಿಗೆ ಮನೆಯವರಿದ್ದಂತೆ.

ನಮ್ಮ ಹಾಲ್ಟಿಂಗ್ ಬಸ್ಸಿನ ಕಂಡಕ್ಟರ್ ಮುಷ್ಕರದಲ್ಲಿದ್ದರು. 12ರ ರಾತ್ರಿ ಅವರದೇ ಫೋನ್ ಬಂತು. "ಅಣ್ಣಾ, ಯಜಮಾನ್ರು ಹೆಂಗವ್ರೆ? ಹೋಗಕ್ಕೆ ಏನ್ ಮಾಡ್ಕೊಂಡ್ರಿ?" ಅಂದರು. ನಾನು ನಡೆದದ್ದನ್ನು ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ನಮ್ಮನೇಲೂ ಈ ತಿಂಗಳು ಸಂಬಳ ಬಂದಿಲ್ಲ ಕಣಣ್ಣ, ಹಬ್ಬಕ್ಕೆ ಏನೂ ತಂದಿಲ್ಲ. ಆದ್ರೂ ಆಸ್ಪತ್ರೆಗೆ ಹೋಗೋರಿಗೆ ಒಂದು ಬಸ್ ಬಿಡ್ಬೋದಿತ್ತು. ಯಾರೂ ಹಂಗೆ ಕೇಳಲೇ ಇಲ್ವಲ್ಲ" ಅಂದರು.

ಯಾರೂ ಕೇಳಲೇ ಇಲ್ಲ

ಈ ಮಾತನ್ನು ಇಟ್ಟುಕೊಂಡು ಇಡೀ ಪ್ರಕರಣವನ್ನು ಮತ್ತೆ ನೋಡಿದೆ. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಪ್ರಕಾರ, ಸಾರಿಗೆಯಂಥ ಸಾರ್ವಜನಿಕ ಸೇವೆಯಲ್ಲಿ ಮುಷ್ಕರಕ್ಕೆ ಮೊದಲು ನೋಟಿಸ್ ಕೊಡಬೇಕು, ಕೊಟ್ಟು 14 ದಿನ ಕಳೆಯಬೇಕು. ಈ 14 ದಿನ ಇರುವುದು ಮಾತುಕತೆಗೆ. ನೋಟಿಸ್ ನಿಗಮಕ್ಕೆ ಹೋಗುತ್ತದೆ, ಕಾರ್ಮಿಕ ಇಲಾಖೆಗೆ ಗೊತ್ತಾಗುತ್ತದೆ. ಡಯಾಲಿಸಿಸ್ ಘಟಕಕ್ಕೆ ಗೊತ್ತಾಗುವುದು ಟಿ.ವಿ. ನೋಡಿ. ಏಪ್ರಿಲ್ 7 ಅನ್ನೋ ತಾರೀಕು ಇದ್ದಕ್ಕಿದ್ದಂತೆ ಬಂದದ್ದಲ್ಲ. ಮಾರ್ಚ್‌ನಲ್ಲೇ ಎಲ್ಲರಿಗೂ ಗೊತ್ತಿತ್ತು. ಆದರೂ ನಮಗೆ ಆಸ್ಪತ್ರೆಯಿಂದ ಒಂದು ಫೋನ್ ಬರಲಿಲ್ಲ. ಅಲ್ಲಿನವರನ್ನು ದೂರುತ್ತಿಲ್ಲ, ಅದು ಅವರ ಕೆಲಸ ಅಂತ ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

18 ರೋಗಿಗಳು. ಯಾವ ಊರು, ಯಾವ ವಾರ, ಯಾವ ಪಾಳಿ ಎಲ್ಲ ಘಟಕದ ಪುಸ್ತಕದಲ್ಲಿ ಬರೆದಿದೆ. ಒಂದು ಪಾಳಿಗೆ ಮೂವರು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಟ್ರಿಪ್, ಎರಡು ಜೀಪು ಸಾಕು. ಆರೋಗ್ಯ ಇಲಾಖೆಯ ವಾಹನವೋ, ಬಾಡಿಗೆ ಕಾರೋ, ಪಂಚಾಯಿತಿಯದೋ ಯಾವುದಾದರೂ ಸರಿ. ಅಪ್ಪನ ಒಂದು ತುರ್ತು ಚಿಕಿತ್ಸೆಯ ಖರ್ಚಿನಲ್ಲಿ ಒಂದು ವಾರದ ಡೀಸೆಲ್ ಬರುತ್ತಿತ್ತು ಅಂತ ನನ್ನ ಅಂದಾಜು. ಮಾರ್ಚ್ ಕೊನೆಯಲ್ಲಿ ಅರ್ಧ ದಿನ ಕುಳಿತು ಪಟ್ಟಿ ಮಾಡಿದ್ದರೆ ಸಾಕಿತ್ತು. ಗರ್ಭಿಣಿಯರ ಪಟ್ಟಿ ಆಶಾ ಕಾರ್ಯಕರ್ತೆಯರ ಹತ್ತಿರ ಇದೆ. ಎಆರ್‌ಟಿ ಮತ್ತು ಕ್ಷಯದ ಔಷಧಿಯನ್ನು ಮುಷ್ಕರಕ್ಕೆ ಮೊದಲೇ ಒಂದು ತಿಂಗಳಿಗೆ ಹೆಚ್ಚುವರಿ ಕೊಟ್ಟು ಕಳಿಸಬಹುದು. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನಲ್ಲಿ ಆರೋಗ್ಯ ಸಿಬ್ಬಂದಿಗಾಗಿಯೇ ಬಿಎಂಟಿಸಿ ಬಸ್ ಓಡಿಸಿತ್ತು, ಅಂದರೆ ಮನಸ್ಸು ಮಾಡಿದರೆ ಆಗುತ್ತದೆ.

ಮುಷ್ಕರ ಮಾಡುವ ಸಂಘಟನೆಗಳಿಗೂ ನನ್ನದೊಂದು ಕೋರಿಕೆ. ಡಿಪೋದಿಂದ ಎರಡು ಬಸ್, ಬೆಳಿಗ್ಗೆ ಮತ್ತು ಮಧ್ಯಾಹ್ನ, ಆಸ್ಪತ್ರೆ ಚೀಟಿ ಇರುವವರಿಗೆ ಮತ್ತು ಆಸ್ಪತ್ರೆ ಸಿಬ್ಬಂದಿಗೆ ಮಾತ್ರ. ಇದರಿಂದ ಮುಷ್ಕರದ ಬಲ ಕುಗ್ಗುವುದಿಲ್ಲ. ವೈದ್ಯರು ಮುಷ್ಕರ ಮಾಡಿದಾಗ ಹೊರರೋಗಿ ವಿಭಾಗ ನಿಲ್ಲಿಸಿ ತುರ್ತು ವಿಭಾಗ ತೆರೆದಿಡುತ್ತಾರಲ್ಲ, ಹಾಗೆಯೇ. ಅಂಥ ಬಸ್ಸಿಗೆ ಕಲ್ಲು ಹೊಡೆಯಲು ಯಾರ ಕೈಯೂ ಏಳುವುದಿಲ್ಲ ಅಂತ ನಂಬಿದ್ದೇನೆ.

ಈಗ ಇದು ಇನ್ನೂ ಮುಖ್ಯ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ. ಗಂಡನನ್ನು ದುಡ್ಡು ಕೇಳದೆ ಆಸ್ಪತ್ರೆಗೆ ಹೋಗಿಬರುವ ಹೆಂಗಸರನ್ನು ನಮ್ಮೂರಲ್ಲೇ ನೋಡುತ್ತಿದ್ದೇನೆ. ತುಂಬಾ ಒಳ್ಳೆಯದು. ಆದರೆ ಅದೇ ಬಸ್ ನಿಂತರೆ ಅವರ ಆಸ್ಪತ್ರೆಯೂ ಅಷ್ಟೇ ಪೂರ್ತಿಯಾಗಿ ನಿಲ್ಲುತ್ತದೆ. 2025ರ ಆಗಸ್ಟ್ 5ರಂದು 38 ತಿಂಗಳ ಬಾಕಿ ವೇತನಕ್ಕಾಗಿ ಮತ್ತೆ ಬಸ್ ನಿಂತವು. ಹೈಕೋರ್ಟ್ ಮಧ್ಯೆ ಬಂದದ್ದರಿಂದ ಒಂದೇ ದಿನಕ್ಕೆ ಮುಗಿಯಿತು. ಆ ದಿನವೂ ಆಸ್ಪತ್ರೆಗೆ ಹೋಗುವವರಿಗೆ ನಮ್ಮ ಕಡೆ ಬೇರೆ ಏರ್ಪಾಡು ಇರಲಿಲ್ಲ.

22ರ ಬೆಳಿಗ್ಗೆ

2021ರಲ್ಲೂ ಕೊನೆಗೆ ಬಗೆಹರಿಸಿದ್ದು ಹೈಕೋರ್ಟ್. ಕೋವಿಡ್‌ನ ಇಂಥ ಹೊತ್ತಲ್ಲಿ ಜನರಿಗೆ ಬಸ್ ಇಲ್ಲದಂತೆ ಮಾಡುವುದು ಸರಿಯಲ್ಲ, ಕೆಲಸಕ್ಕೆ ಮರಳಿ ಎಂದು ಏಪ್ರಿಲ್ 20ರಂದು ಸೂಚಿಸಿತು. 21ರಂದು ಮುಷ್ಕರ ಕೈಬಿಟ್ಟರು. ಅವತ್ತು ರಾತ್ರಿ ಎಂಟೂವರೆಗೆ ಹಾರ್ನ್ ಕೇಳಿತು. ಅಮ್ಮ ಒಲೆ ಮುಂದಿನಿಂದ ಎದ್ದು ಹೊರಗೆ ಓಡಿದಳು. ಡ್ರೈವರ್‌ಗೂ ಕಂಡಕ್ಟರ್‌ಗೂ ಶಾಲೆ ಜಗಲಿಗೆ ಮುದ್ದೆ, ಸಾರು ಕಳಿಸಿದಳು. 22 ಗುರುವಾರ. ಆರು ಹತ್ತಕ್ಕೆ ಅಪ್ಪ ಮುಂದಿನ ಬಾಗಿಲಿನಿಂದ ಹತ್ತಿ ಮಾಮೂಲಿ ಸೀಟಿನಲ್ಲಿ ಕುಳಿತರು.

ಏಪ್ರಿಲ್ 27ರ ರಾತ್ರಿ 9ರಿಂದ ಲಾಕ್‌ಡೌನ್ ಬಂತು, ಬಸ್‌ಗಳು ಮತ್ತೆ ನಿಂತವು. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಕೆಲವು ಸರ್ಕಾರಿ ಬಸ್‌ಗಳಿಗೆ ಆಕ್ಸಿಜನ್ ಸೌಲಭ್ಯ ಅಳವಡಿಸಿ ಆಸ್ಪತ್ರೆಗಳ ಮುಂದೆ ನಿಲ್ಲಿಸಿದರು. ನಮ್ಮನೆಯಲ್ಲಿ ಈ ಸಲ ಕಾಯಲಿಲ್ಲ. ಟೆಕ್ನಿಷಿಯನ್ ಹತ್ತಿರ ಕೇಳಿ, ನಮ್ಮ ದಾರಿಯ ಮೂರು ರೋಗಿಗಳ ಫೋನ್ ನಂಬರ್ ತಗೊಂಡು, ಅವರವರನ್ನು ಕೇಳಿ ಒಪ್ಪಿಸಿ, ಡೈರಿ ಕಾರ್ಯದರ್ಶಿಯವರ ಜೊತೆ ಮಾತಾಡಿ, ಒಂದು ಓಮ್ನಿಯನ್ನು ವಾರಕ್ಕೆ ಎರಡು ದಿನಕ್ಕೆ ಗೊತ್ತುಮಾಡಿದೆವು. ದುಡ್ಡು ನಾಲ್ಕು ಪಾಲು. ಮೂರು ಸರದಿ ತಪ್ಪಿಸಿಕೊಂಡಿದ್ದ ಆಯಮ್ಮನ ಊರು ನಮ್ಮ ದಾರಿಯಿಂದ ಎಂಟು ಕಿಲೋಮೀಟರ್ ಒಳಗೆ. ಓಮ್ನಿ ಡ್ರೈವರ್ ಮೊದಲು ಒಪ್ಪಲಿಲ್ಲ. ಅಪ್ಪ, "ಆಯಮ್ಮನ್ನ ಬಿಟ್ಟು ನಾನು ಹತ್ತಲ್ಲ ಕಣಪ್ಪ" ಅಂದರು. ಮೊದಲ ದಿನ ಹೋದಾಗ ಆಯಮ್ಮ ಆಗಲೇ ರಸ್ತೆಯ ಹುಣಸೆಮರದ ಕೆಳಗೆ, ಫೈಲಿನ ಚೀಲ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು.